ಥೈರಾಯ್ಡ್ ಮಾತ್ರೆ: ಆರು ವಾರದ ಲೆಕ್ಕ, ವಾರದ ಮೊತ್ತ

ಫಾರ್ಮಸಿ, ನರ್ಸಿಂಗ್ ಓದುತ್ತಿರುವವರಿಗೆ, ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಮಾತ್ರೆ ಕೊಡುವ ಹೊಣೆ ಹೊತ್ತವರಿಗೆ ಈ ಟಿಪ್ಪಣಿ. ಗ್ರಂಥಿ ಎಲ್ಲಿದೆ, ಅಯೋಡಿನ್ ಏನು ಮಾಡುತ್ತದೆ ಎಂಬುದೆಲ್ಲ ಪಠ್ಯದಲ್ಲೇ ಇದೆ, ಬಿಟ್ಟಿದ್ದೇನೆ. ಇಲ್ಲಿರುವುದು ಲೆವೊಥೈರಾಕ್ಸಿನ್ ಮಾತ್ರ. ಅಂಗಡಿಯಲ್ಲಿ ಥೈರೊನಾರ್ಮ್, ಎಲ್ಟ್ರಾಕ್ಸಿನ್ ಎಂದು ಕೇಳಿ ತರುವುದು ಇದನ್ನೇ. ಥೈರಾಯ್ಡ್ ಕಡಿಮೆ ಕೆಲಸ ಮಾಡುವವರಿಗೆ ಕೊಡುವ ಟಿ4 ಹಾರ್ಮೋನ್.

ಟಿಎಸ್‌ಎಚ್ ಏರಿದರೆ ಏನರ್ಥ?

"ಟಿಎಸ್‌ಎಚ್ 12 ಬಂದಿದೆ, ಥೈರಾಯ್ಡ್ ಜಾಸ್ತಿಯಾಗಿದೆ, ಅದಕ್ಕೇ ಮಾತ್ರೆ ನಿಲ್ಲಿಸಿದೆವು." ಮನೆಮನೆಯಲ್ಲಿ ಕೇಳುವ ಈ ಮಾತು ಪೂರ್ತಿ ತಲೆಕೆಳಗು. ಟಿಎಸ್‌ಎಚ್ ಹುಟ್ಟುವುದು ಥೈರಾಯ್ಡ್‌ನಲ್ಲಿ ಅಲ್ಲ, ಮೆದುಳಿನ ಬುಡದ ಪಿಟ್ಯುಟರಿಯಲ್ಲಿ. ಅದು ಥೈರಾಯ್ಡನ್ನು ಕೆಲಸಕ್ಕೆ ಕರೆಯುವ ಕೂಗು. ರಕ್ತದಲ್ಲಿ ಹಾರ್ಮೋನ್ ಸಾಲದಿದ್ದರೆ ಕೂಗು ಜೋರು, ಸಾಕಾದರೆ ಮೆಲ್ಲಗೆ, ಹೆಚ್ಚಾದರೆ ಮೌನ. ವಯಸ್ಕರಲ್ಲಿ 0.4ರಿಂದ 4ರ ಆಸುಪಾಸು ಸರಿ. ಮಾತ್ರೆ ನುಂಗುತ್ತಿರುವವರಿಗೆ 12 ಬಂದರೆ ಔಷಧ ದೇಹಕ್ಕೆ ಸಾಲುತ್ತಿಲ್ಲ, 0.05 ಬಂದರೆ ಮಿತಿ ಮೀರಿದೆ.

ಈ ಕೂಗು ಹಾರ್ಮೋನಿಗೆ ಸರಿಸಮನಾಗಿ ಏರಿಳಿಯುವುದೂ ಇಲ್ಲ. ಫ್ರೀ ಟಿ4, ಅಂದರೆ ರಕ್ತದ ಪ್ರೋಟೀನ್‌ಗೆ ಅಂಟದೆ ಬಿಡಿಯಾಗಿರುವ ಟಿ4, ಅರ್ಧಕ್ಕಿಳಿದರೆ ಟಿಎಸ್‌ಎಚ್ ನೂರು ಪಟ್ಟಿನಷ್ಟು ಏರಬಲ್ಲದು. ಆದ್ದರಿಂದ 8 ಇದ್ದದ್ದು 4ಕ್ಕೆ ಬರಲು ಡೋಸ್ ದುಪ್ಪಟ್ಟು ಮಾಡಬೇಕು ಎಂದು ಲೆಕ್ಕ ಹಾಕಬಾರದು. ವೈದ್ಯರು ಸಾಮಾನ್ಯವಾಗಿ ಏರಿಸುವುದು 12.5 ಅಥವಾ 25 ಮೈಕ್ರೋಗ್ರಾಂ, ಅಷ್ಟಕ್ಕೇ ಟಿಎಸ್‌ಎಚ್ ಚೆನ್ನಾಗಿ ಇಳಿಯುತ್ತದೆ. ಪಿಟ್ಯುಟರಿಯೇ ಕೆಟ್ಟಿದ್ದರೆ ಮಾತ್ರ ಕಥೆ ಬೇರೆ: ಕೂಗುವವರೇ ಇಲ್ಲ, ಅಲ್ಲಿ ಫ್ರೀ ಟಿ4 ನೋಡಿಯೇ ಡೋಸ್ ನಿರ್ಧಾರ.

ಆರು ವಾರ ಏಕೆ?

ಎಲ್ಲಕ್ಕಿಂತ ಹೆಚ್ಚು ಎಡವಿಸುವುದು ಇದು. ಡೋಸ್ ಬದಲಾದ ಮೇಲೆ 6ರಿಂದ 8 ವಾರ ಬಿಟ್ಟು ರಕ್ತಪರೀಕ್ಷೆ ಎಂದು ಎಲ್ಲರೂ ಬಾಯಿಪಾಠ ಮಾಡುತ್ತೇವೆ. ಕಾರಣ ತಿಳಿದರೆ ಮುಂದಿನ ಅರ್ಧ ಪಾಠ ತಾನಾಗಿ ಬಿಡಿಸಿಕೊಳ್ಳುತ್ತದೆ.

ಟಿ4ನ ಅರ್ಧಾಯು, ಅಂದರೆ ದೇಹದಲ್ಲಿರುವುದು ಅರ್ಧಕ್ಕಿಳಿಯಲು ಹಿಡಿಯುವ ಸಮಯ, ಸುಮಾರು 7 ದಿನ. ಅಂದರೆ ದೇಹದಲ್ಲಿರುವ ಟಿ4ನಲ್ಲಿ ದಿನಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಖರ್ಚಾಗುತ್ತದೆ. ತಳದಲ್ಲಿ ಸಣ್ಣ ತೂತಿರುವ ತೊಟ್ಟಿಯನ್ನು ನೆನೆಯಿರಿ. ನಲ್ಲಿಯನ್ನು ಇನ್ನಷ್ಟು ತಿರುಗಿಸಿದ ಕೂಡಲೇ ನೀರು ಹೊಸ ಮಟ್ಟಕ್ಕೆ ಏರುವುದಿಲ್ಲ. ನೀರು ಏರಿದಂತೆ ತೂತಿನಿಂದ ಸೋರುವುದೂ ಹೆಚ್ಚುತ್ತದೆ. ಬರುವ ನೀರು, ಹೋಗುವ ನೀರು ಸಮವಾದಾಗ ಮಟ್ಟ ನಿಲ್ಲುತ್ತದೆ.

ಈಗ ಅಂಕಿ ಹಾಕಿ ನೋಡಿ. ದಿನಕ್ಕೆ 50 ಮೈಕ್ರೋಗ್ರಾಂನಲ್ಲಿ ನೆಲೆ ನಿಂತವರಿಗೆ 75 ಶುರು ಮಾಡಿದರು. ಹೊಸದಾಗಿ ಸೇರಬೇಕಾದದ್ದು 25ರ ಪಾಲು. ಪ್ರತಿ ಅರ್ಧಾಯುವಿಗೆ ಉಳಿದ ಅಂತರದ ಅರ್ಧ ತುಂಬುತ್ತದೆ. ಒಂದು ವಾರ ಕಳೆದಾಗ ದೇಹದೊಳಗಿನ ಮಟ್ಟ 62.5 ನುಂಗುವವರ ಮಟ್ಟಕ್ಕೆ ಸಮ. ಎರಡನೆಯ ವಾರಕ್ಕೆ 68.75, ಮೂರಕ್ಕೆ ಸುಮಾರು 72, ನಾಲ್ಕಕ್ಕೆ 73.4, ಐದಕ್ಕೆ 74.2. ಐದು ವಾರಕ್ಕೆ ಮಟ್ಟ ನಿಂತಂತೆಯೇ. ಆದರೆ ಪಿಟ್ಯುಟರಿ ಇಷ್ಟು ದಿನ ಜೋರಾಗಿ ಕೂಗಿದ್ದು, ಹೊಸ ಮಟ್ಟಕ್ಕೆ ಒಗ್ಗಿ ದನಿ ತಗ್ಗಿಸಲು ಅದಕ್ಕೂ ಸ್ವಲ್ಪ ಸಮಯ ಬೇಕು. ಆ 6ರಿಂದ 8 ವಾರ ಬಂದದ್ದು ಹೀಗೆ. ಎರಡನೆಯ ವಾರಕ್ಕೇ ಪರೀಕ್ಷೆ ಮಾಡಿಸಿ "ಇಳಿದಿಲ್ಲ" ಎಂದು ಮತ್ತೆ ಏರಿಸಿದರೆ ಎರಡು ತಿಂಗಳಿಗೆ ಮಿತಿ ಮೀರುತ್ತದೆ.

ಇದೇ ಲೆಕ್ಕದಿಂದ ಇನ್ನೂ ಮೂರು ವಿಷಯ ಬಿಚ್ಚಿಕೊಳ್ಳುತ್ತವೆ. ಮಾತ್ರೆ ಬಿಟ್ಟು ಒಂದು ವಾರವಾದರೂ ಅರ್ಧ ಉಳಿದಿರುತ್ತದೆ. "ನಿಲ್ಲಿಸಿದೆ, ಏನೂ ಆಗಲಿಲ್ಲ" ಎನ್ನುವವರು ಹಳೆಯ ದಾಸ್ತಾನಿನ ಮೇಲೆ ಓಡಾಡುತ್ತಿರುತ್ತಾರೆ. ಡೋಸ್ ಹೆಚ್ಚಾಗಿ ಎದೆ ಬಡಿತ ಶುರುವಾದವರಿಗೆ, ಡೋಸ್ ಇಳಿಸಿದ ಮರುದಿನವೇ ಬಡಿತ ತಗ್ಗುವುದಿಲ್ಲ. ಮೂರನೆಯದು ಓದಿನ ಪರೀಕ್ಷೆಗಳಲ್ಲಿ ಕೇಳುವಂಥದ್ದು: ಫ್ರೀ ಟಿ4 ಸರಿಯಿದೆ ಅಥವಾ ತುಸು ಮೇಲಿದೆ, ಟಿಎಸ್‌ಎಚ್ ಮಾತ್ರ 15. ಇಂಥ ವರದಿ ಕಂಡರೆ ಮೊದಲು ಕೇಳಬೇಕಾದ್ದು, ಮಾತ್ರೆ ಎಷ್ಟು ದಿನದಿಂದ ತಪ್ಪದೆ ನುಂಗುತ್ತಿದ್ದಾರೆ ಎಂದು. ತಿಂಗಳುಗಟ್ಟಲೆ ಬಿಟ್ಟು, ರಕ್ತಪರೀಕ್ಷೆಗೆ ಮುಂಚಿನ ಕೆಲವು ದಿನ ಮಾತ್ರ ಸರಿಯಾಗಿ ನುಂಗಿದರೆ ಈ ಜೋಡಿ ಬರುತ್ತದೆ. ಟಿ4 ಈ ವಾರದ ಮಾತು ಹೇಳಿದರೆ ಟಿಎಸ್‌ಎಚ್ ಕಳೆದ ತಿಂಗಳದ್ದು ಹೇಳುತ್ತದೆ. ಗದರಿಸದೆ ಕೇಳಿ, ಗದರಿಸಿದರೆ ನಿಜ ಹೊರಬರುವುದಿಲ್ಲ.

ವಾರದ ಮೊತ್ತ

ಅರ್ಧಾಯು ಒಂದು ವಾರವಿರುವಾಗ ದಿನದ ಡೋಸ್‌ಗಿಂತ ವಾರದ ಮೊತ್ತ ನೋಡುವುದು ಸುಲಭ. ಈ ಅಡ್ಡದಾರಿ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ.

100ರ ಮಾತ್ರೆ ವಾರಕ್ಕೆ 700. ಶನಿವಾರ, ಭಾನುವಾರ ಮರೆಯುವವರಿಗೆ ಸಿಗುವುದು 500, ಅಂದರೆ ದಿನಕ್ಕೆ 71. ಅವರಿಗೆ ಬೇಕಿರುವುದು 125ರ ಹೊಸ ಚೀಟಿಯಲ್ಲ, ಮರೆಯದಂತೆ ಒಂದು ವ್ಯವಸ್ಥೆ. ಮರೆತವರ ಟಿಎಸ್‌ಎಚ್ ನೋಡಿ ಡೋಸ್ ಏರಿಸಿದರೆ, ಮುಂದೆ ಅವರು ಶಿಸ್ತಿನಿಂದ ನುಂಗಲು ಶುರು ಮಾಡಿದಾಗ ಮಿತಿ ಮೀರುತ್ತದೆ.

88ರ ಮಾತ್ರೆ ಊರಿನ ಅಂಗಡಿಯಲ್ಲಿ ಸಿಗಲಿಲ್ಲ ಎನ್ನಿ. ವಾರದ ಮೊತ್ತ 616. ನಾಲ್ಕು ದಿನ 100, ಮೂರು ದಿನ 75 ಕೊಟ್ಟರೆ 625, ಹತ್ತಿರ ಹತ್ತಿರ ಅದೇ. ವೈದ್ಯರು "ಒಂದು ದಿನ ಇದು, ಒಂದು ದಿನ ಅದು" ಎಂದು ಬರೆಯುವುದರ ಹಿಂದಿನ ಲೆಕ್ಕ ಇದು. ನಾವಾಗಿ ಬದಲಿಸುವಂಥದ್ದಲ್ಲ, ಅವರನ್ನು ಕೇಳಿಯೇ.

ಒಂದು ದಿನ ಮರೆತರೆ? ಅದೇ ದಿನ ನೆನಪಾದರೆ ಹೊಟ್ಟೆ ಖಾಲಿಯಿರುವ ಹೊತ್ತಿಗೆ ನುಂಗಬಹುದು. ಮರುದಿನ ನೆನಪಾದರೆ ಬೆಳಗ್ಗೆ ಒಂದು, ರಾತ್ರಿ ಒಂದು ತೆಗೆದುಕೊಳ್ಳಲು ಹಲವು ವೈದ್ಯರು ಒಪ್ಪುತ್ತಾರೆ. ಹೃದಯದ ತೊಂದರೆ ಇದ್ದವರು, ವಯಸ್ಸಾದವರು ಹೀಗೆ ಜೋಡಿಸಬಾರದು, ಬಿಟ್ಟದ್ದು ಬಿಟ್ಟೇ ಹೋಗಲಿ.

ಬರೆಯುವಾಗ ಎಚ್ಚರ: 12.5 ಮತ್ತು 125 ಎರಡೂ ಅಂಗಡಿಯಲ್ಲಿವೆ. ಚುಕ್ಕೆ ಮಸುಕಾದರೆ ಹತ್ತು ಪಟ್ಟು. ಮೈಕ್ರೋಗ್ರಾಂ, ಮಿಲಿಗ್ರಾಂ ಗೊಂದಲವೂ ಅಷ್ಟೇ ಅಪಾಯ. 100 ಮೈಕ್ರೋಗ್ರಾಂ ಅಂದರೆ 0.1 ಮಿಲಿಗ್ರಾಂ. ಬಾಟಲಿಯ ಮೇಲಿನ ಅಂಕಿಯನ್ನು ಚೀಟಿಯ ಪಕ್ಕ ಹಿಡಿದು ಜೋರಾಗಿ ಓದಿಯೇ ಕೊಡಿ.

ಬೆಳಗಿನ ಕಾಫಿ

ಎದ್ದ ಮೇಲೆ ಬರಿ ನೀರಿನಲ್ಲಿ ಮಾತ್ರೆ, ಆಮೇಲೆ 30ರಿಂದ 60 ನಿಮಿಷ ಬೇರೇನೂ ಬೇಡ. ಗಟ್ಟಿ ಡಿಕಾಕ್ಷನ್ ಕಾಫಿ ಮಾತ್ರೆಯ ಹೀರಿಕೆಯನ್ನು ತಗ್ಗಿಸುತ್ತದೆ, ಹಾಲಿನ ಕ್ಯಾಲ್ಸಿಯಂ ಅದಕ್ಕೆ ಕೈಜೋಡಿಸುತ್ತದೆ. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ಹಬೆಯಾಡುವ ಸ್ಟೀಲ್ ಲೋಟ ಹಿಡಿಯುವ ಅಭ್ಯಾಸ ತಪ್ಪಬೇಕು. ರಾಗಿ ಗಂಜಿಯನ್ನೂ ಆಮೇಲೆಯೇ ಕುಡಿಯಲಿ. ಬೆಳಗ್ಗೆ ಕಾಯಲು ಆಗದವರಿಗೆ ರಾತ್ರಿ ಊಟವಾಗಿ 3 ಗಂಟೆ ಬಿಟ್ಟು ಮಲಗುವ ಮುಂಚೆ ನುಂಗುವ ದಾರಿಯಿದೆ. ಯಾವುದಾದರೂ ಒಂದನ್ನು ಹಿಡಿದು ಅದಕ್ಕೇ ಅಂಟಿಕೊಳ್ಳಬೇಕು.

ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಅಲ್ಯೂಮಿನಿಯಂ ಇರುವ ಆಸಿಡಿಟಿ ಔಷಧ, ಸುಕ್ರಲ್ಫೇಟ್, ಇವುಗಳಿಗೆ 4 ಗಂಟೆ ಅಂತರ. ಇವು ಕರುಳಿನಲ್ಲಿ ಟಿ4ಗೆ ಅಂಟಿಕೊಂಡು ರಕ್ತಕ್ಕೆ ಬಿಡುವುದಿಲ್ಲ. ಬೆಳಗ್ಗೆ 6ಕ್ಕೆ ಥೈರಾಯ್ಡ್, 7ಕ್ಕೆ ಕಾಫಿ, ಮಧ್ಯಾಹ್ನ ಕಬ್ಬಿಣ, ರಾತ್ರಿ ಊಟದ ಜೊತೆ ಕ್ಯಾಲ್ಸಿಯಂ ಎಂದು ಚೀಟಿ ಬರೆದು ಅಂಟಿಸಿದರೆ ಜಗಳವಿಲ್ಲ. ಪ್ಯಾಂಟಪ್ರಜೋಲ್‌ನಂಥ ಮಾತ್ರೆಯ ವಿಷಯ ಬೇರೆ. ಅದು ಅಂಟುವುದಿಲ್ಲ, ಹೊಟ್ಟೆಯ ಆಮ್ಲವನ್ನೇ ತಗ್ಗಿಸಿ ಮಾತ್ರೆ ಕರಗದಂತೆ ಮಾಡುತ್ತದೆ. ಗಂಟೆಗಳ ಅಂತರ ಕೊಟ್ಟರೆ ಸರಿಹೋಗುವುದಿಲ್ಲ. ದಿನವೂ ಶುರು ಮಾಡಿದರೆ 6 ವಾರಕ್ಕೆ ಟಿಎಸ್‌ಎಚ್ ನೋಡಬೇಕು. ಬ್ರಾಂಡ್ ಬದಲಿಸಿದರೂ ಹಾಗೆಯೇ.

ಈ ಔಷಧಕ್ಕೆ ಬೆಳಕು, ಶಾಖ, ತೇವ ಮೂರೂ ಆಗದು. ಒಲೆ ಪಕ್ಕದ ಗೂಡು ಬೇಡ, ಬಚ್ಚಲಿನ ಕಪಾಟೂ ಬೇಡ. ಬಾಟಲಿಯೊಳಗಿನ ತೇವ ಹೀರುವ ಪೊಟ್ಟಣವನ್ನು ಎಸೆಯಬಾರದು, ಒದ್ದೆ ಕೈ ಹಾಕಬಾರದು.

ಅಡ್ಡಪರಿಣಾಮ

ದೇಹಕ್ಕೆ ಬೇಕಾದಷ್ಟೇ ಸಿಕ್ಕರೆ ಅಡ್ಡಪರಿಣಾಮ ಅಪರೂಪ, ಏಕೆಂದರೆ ಇದು ದೇಹದ್ದೇ ಹಾರ್ಮೋನ್. ಕಾಣುವ ತೊಂದರೆ ಬಹುಪಾಲು ಡೋಸ್ ಹೆಚ್ಚಾದದ್ದರ ಗುರುತು: ಎದೆ ಬಡಿತ, ಕೈ ನಡುಕ, ಬೆವರು, ನಿದ್ದೆ ಬಾರದಿರುವುದು, ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು. ಟಿಎಸ್‌ಎಚ್ 0.1ಕ್ಕಿಂತ ಕೆಳಗೆ ವರ್ಷಗಟ್ಟಲೆ ಉಳಿದರೆ ವಯಸ್ಸಾದವರಲ್ಲಿ ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್, ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆತ. ತೂಕ ಇಳಿಸಲೆಂದು ಒಂದು ಮಾತ್ರೆ ಜಾಸ್ತಿ ನುಂಗುವವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಎದೆನೋವು ಬಂದರೆ ಕಾಯುವುದಲ್ಲ, ತಕ್ಷಣ ಆಸ್ಪತ್ರೆ.

ಮೊದಲ ಕೆಲವು ತಿಂಗಳು ಕೂದಲು ಉದುರುವುದು ಕೆಲವರಿಗೆ ಉಂಟು, ಸಾಮಾನ್ಯವಾಗಿ ನಿಲ್ಲುತ್ತದೆ. ಅದಕ್ಕೆ ಹೆದರಿ ಮಾತ್ರೆ ಬಿಟ್ಟರೆ ಕಡಿಮೆ ಥೈರಾಯ್ಡ್‌ನಿಂದಲೇ ಮತ್ತೆ ಉದುರುತ್ತದೆ.

ಆರೋಗ್ಯವಂತ ವಯಸ್ಕರಿಗೆ ಪೂರ್ಣ ಡೋಸ್ ದಿನಕ್ಕೆ, ಕಿಲೋ ತೂಕಕ್ಕೆ 1.6 ಮೈಕ್ರೋಗ್ರಾಂ. ವಯಸ್ಸಾದ ಹೃದ್ರೋಗಿಗೆ ಶುರು 12.5 ಅಥವಾ 25. ಸುಸ್ತಾದ ಹೃದಯಕ್ಕೆ ಒಮ್ಮೆಲೇ ದುಡಿಮೆ ಹೇರಬಾರದು. ರಕ್ತ ಹೆಪ್ಪುಗಟ್ಟದಿರಲೆಂದು ವಾರ್ಫರಿನ್ ನುಂಗುವವರಲ್ಲಿ ಥೈರಾಯ್ಡ್ ಡೋಸ್ ಏರಿಸಿದಾಗ ರಕ್ತ ಇನ್ನಷ್ಟು ತೆಳುವಾಗುತ್ತದೆ, ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಐಎನ್‌ಆರ್ ಪರೀಕ್ಷೆ ನೋಡಬೇಕು.

ಗರ್ಭಿಣಿಯರಿಗೆ

ಮಗುವಿಗೆ ಮೊದಲ ತಿಂಗಳುಗಳಲ್ಲಿ ತಾಯಿಯ ಹಾರ್ಮೋನೇ ಗತಿ. ಹೆದರಿ ನಿಲ್ಲಿಸುವುದು ದೊಡ್ಡ ತಪ್ಪು. ಇಲ್ಲೂ ವಾರದ ಮೊತ್ತವೇ ಬರುತ್ತದೆ: ಮೊದಲಿನಿಂದ ಮಾತ್ರೆಯಲ್ಲಿರುವವರಿಗೆ ಮುಟ್ಟು ತಪ್ಪಿ ಪರೀಕ್ಷೆ ಪಾಸಿಟಿವ್ ಬಂದ ಕೂಡಲೇ ವಾರಕ್ಕೆ 7ರ ಬದಲು 9 ಮಾತ್ರೆ, ಅಂದರೆ ಸುಮಾರು 29 ಶೇಕಡಾ ಏರಿಕೆ. ಬಸುರಿಯಾಗುವ ಯೋಚನೆ ಇರುವಾಗಲೇ ವೈದ್ಯರ ಹತ್ತಿರ ಇದನ್ನು ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು. ಗರ್ಭದ ಮೊದಲರ್ಧದಲ್ಲಿ 4 ವಾರಕ್ಕೊಮ್ಮೆ ಪರೀಕ್ಷೆ, ಟಿಎಸ್‌ಎಚ್ ಗುರಿ 2.5ಕ್ಕಿಂತ ಕೆಳಗೆ. ಹೆರಿಗೆಯಾದ ಮೇಲೆ ಹಳೆಯ ಡೋಸ್, 6 ವಾರಕ್ಕೆ ಮತ್ತೆ ಟಿಎಸ್‌ಎಚ್.

ಪರೀಕ್ಷೆಯ ದಿನ

ರಕ್ತ ಕೊಟ್ಟ ಮೇಲೆ ಮಾತ್ರೆ. ನುಂಗಿದ ಕೆಲವು ಗಂಟೆ ಫ್ರೀ ಟಿ4 ಮೇಲೇರಿ ಕಾಣುತ್ತದೆ. ಪ್ರತಿ ಸಲ ಒಂದೇ ಹೊತ್ತಿಗೆ ಹೋಗಿ, ಟಿಎಸ್‌ಎಚ್ ಬೆಳಗಿನ ಜಾವ ಹೆಚ್ಚು, ಮಧ್ಯಾಹ್ನ ಕಡಿಮೆ. ಕೂದಲಿಗೆಂದು ಬಯೋಟಿನ್ ನುಂಗುತ್ತಿದ್ದರೆ ಕನಿಷ್ಠ 2 ದಿನ ಮೊದಲೇ ನಿಲ್ಲಿಸಬೇಕು. ಕೆಲವು ಲ್ಯಾಬ್ ವಿಧಾನಗಳಲ್ಲಿ ಅದು ಟಿಎಸ್‌ಎಚ್ ಅನ್ನು ಸುಳ್ಳೇ ಇಳಿಸಿ, ಟಿ4 ಅನ್ನು ಸುಳ್ಳೇ ಏರಿಸಿ ತೋರಿಸುತ್ತದೆ. ಕಾಯಿಲೆಯೇ ಇಲ್ಲದವರಿಗೂ ಥೈರಾಯ್ಡ್ ಹೆಚ್ಚಾದಂತೆ ಕಾಣುತ್ತದೆ.

ಕೊನೆಗೆ, "ಥೈರಾಯ್ಡ್ ಮಾತ್ರೆ" ಎಂದು ಯಾರಾದರೂ ಹೇಳಿದರೆ ಹೆಸರು ನೋಡದೆ ಮುಂದುವರಿಯಬೇಡಿ. ಕಾರ್ಬಿಮಜೋಲ್ ಇದಕ್ಕೆ ತದ್ವಿರುದ್ಧ, ಹಾರ್ಮೋನ್ ತಗ್ಗಿಸುವ ಔಷಧ. ಅದನ್ನು ನುಂಗುವವರಿಗೆ ಜ್ವರ, ಗಂಟಲು ನೋವು, ಬಾಯಿಹುಣ್ಣು ಬಂದರೆ ಬಿಳಿ ರಕ್ತಕಣ ಕುಸಿದಿರಬಹುದು. ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತಕಣಗಳ ಎಣಿಕೆ ಮಾಡಿಸಬೇಕು.