‘ಟ್ರಿಪಲ್ ಕ್ರಾಸ್’ ನೋಡುವ ಮೊದಲು: ಉಭಯವೇತನನನ್ನು ನಂಬುವುದು ಹೇಗೆ?

ಎರಡನೇ ಮಹಾಯುದ್ಧದ ಬೇಹುಗಾರಿಕೆ ಓದುತ್ತಿರುವವರು 1966ರ ‘ಟ್ರಿಪಲ್ ಕ್ರಾಸ್’ ಸಿನಿಮಾವನ್ನು ಒಮ್ಮೆ ನೋಡಲೇಬೇಕು. ನಿರ್ದೇಶಕ ಟೆರೆನ್ಸ್ ಯಂಗ್, ಮೊದಲ ಜೇಮ್ಸ್ ಬಾಂಡ್ ಚಿತ್ರ ಮಾಡಿದವರು. ನಾಯಕ ಎಡ್ಡಿ ಚಾಪ್‌ಮನ್ ಆಗಿ ಕ್ರಿಸ್ಟೋಫರ್ ಪ್ಲಮ್ಮರ್. ಬಾಂಡ್ ಚಿತ್ರದ ಠೀವಿಯೆಲ್ಲ ಇಲ್ಲಿಯೂ ಇದೆ. ಆದರೆ ಚಾಪ್‌ಮನ್ ನಿಜವಾಗಿ ಬದುಕಿದ್ದ ಮನುಷ್ಯ.

ಮೊದಲು ಪದಗಳನ್ನು ನೋಡೋಣ. ‘ಡಬಲ್ ಕ್ರಾಸ್’ ಅಂದರೆ ನಂಬಿಸಿ ಕೈಕೊಡುವುದು. ಜರ್ಮನಿಯ ಗೂಢಚಾರರನ್ನು ಹಿಡಿದು ತಮ್ಮ ಪರ ತಿರುಗಿಸಿಕೊಳ್ಳಲು ಬ್ರಿಟಿಷರು ಒಂದು ಸಮಿತಿ ಮಾಡಿದ್ದರು. ಅದರ ಹೆಸರು ‘ಟ್ವೆಂಟಿ ಕಮಿಟಿ’. ರೋಮನ್ ಅಂಕಿಯಲ್ಲಿ ಇಪ್ಪತ್ತು ಬರೆದರೆ ಎರಡು ಇಂಟು ಮಾರ್ಕು, ಅಂದರೆ ಡಬಲ್ ಕ್ರಾಸ್. ಹೆಸರಿನ ಗುಟ್ಟು ಇಷ್ಟೇ. ಡಬಲ್ ಏಜೆಂಟ್‌ಗೆ ನಮ್ಮಲ್ಲಿ ಇದಕ್ಕಿಂತ ಚೆನ್ನಾದ ಮಾತಿದೆ: ಉಭಯವೇತನ, ಎರಡೂ ಕಡೆಯಿಂದ ಸಂಬಳ ಪಡೆಯುವವನು. ಇದು ಕೌಟಿಲ್ಯನ ‘ಅರ್ಥಶಾಸ್ತ್ರ’ದ ಪದ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಗ್ರಂಥ. ಉಭಯವೇತನನ ಹೆಂಡತಿ ಮಕ್ಕಳನ್ನು ರಾಜನು ತನ್ನ ವಶದಲ್ಲಿಟ್ಟುಕೊಳ್ಳಬೇಕು ಎಂದು ಕೌಟಿಲ್ಯ ಹೇಳುತ್ತಾನೆ. ಎರಡು ದೋಣಿಯಲ್ಲಿ ಕಾಲಿಟ್ಟವನನ್ನು ಬರೀ ಮಾತಿನ ಮೇಲೆ ನಂಬಲಾಗದು ಎಂಬುದು ಅವನ ಲೆಕ್ಕ.

ಇದೇ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಚಾಪ್‌ಮನ್ ಕಥೆಗೆ ಬನ್ನಿ. ಅವನು ತಿಜೋರಿ ಒಡೆಯುವ ಕಳ್ಳ. 1939ರಲ್ಲಿ ಜೆರ್ಸಿ ದ್ವೀಪದಲ್ಲಿ ಸಿಕ್ಕಿಬಿದ್ದು ಜೈಲು ಸೇರಿದ. ಮರುವರ್ಷ ಜರ್ಮನ್ನರು ದ್ವೀಪವನ್ನೇ ಹಿಡಿದುಕೊಂಡರು. ಬಿಡುಗಡೆಗಾಗಿ ಅವರ ಬೇಹುಗಾರನಾಗಲು ತಾನೇ ಮುಂದೆ ಬಂದ. ಫ್ರಾನ್ಸಿನ ನಾಂಟ್ ನಗರದ ಬಳಿ ತರಬೇತಿಯಾಯಿತು. ಜೊತೆಗಿದ್ದ ಕೈದಿ ಆಂಟನಿ ಫರಾಮಸ್ ಜರ್ಮನ್ನರ ಕೈಯಲ್ಲಿ ಒತ್ತೆಯಾಗಿ ಉಳಿದ. ಕೌಟಿಲ್ಯನ ಸೂತ್ರವೇ, ಹೆಂಡತಿ ಮಕ್ಕಳ ಜಾಗದಲ್ಲಿ ಗೆಳೆಯ ಅಷ್ಟೆ. ಫರಾಮಸ್ ಮುಂದೆ ಬುಖೆನ್‌ವಾಲ್ಡ್, ಮೌಟ್‌ಹೌಸನ್ ಯಾತನಾ ಶಿಬಿರಗಳಲ್ಲಿ ನರಳಿ ಬದುಕಿ ಬಂದ. ಚಾಪ್‌ಮನ್‌ನ ಸಾಹಸಗಳ ನಡುವೆ ಈ ಮನುಷ್ಯನನ್ನು ಮರೆಯಬೇಡಿ.

1942ರ ಡಿಸೆಂಬರ್‌ನಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಇಂಗ್ಲೆಂಡಿನಲ್ಲಿ ಇಳಿದವನು ನೇರವಾಗಿ ಪೊಲೀಸರಿಗೆ ಶರಣಾದ. ಬ್ರಿಟಿಷರು ಅವನನ್ನು ಹೇಗೆ ನಂಬಿದರು? ಟಿಪ್ಪಣಿಯ ಮುಖ್ಯ ಪ್ರಶ್ನೆ ಇದೇ. ಅವನ ಮುಖ ನೋಡಿ ನಂಬಿದ್ದಲ್ಲ. ಬ್ಲೆಚ್ಲಿ ಪಾರ್ಕ್ ಎಂಬ ಬ್ರಿಟಿಷರ ಗುಪ್ತ ಕೇಂದ್ರದಲ್ಲಿ ಜರ್ಮನ್ ಗೂಢಚರ್ಯೆಯ ಸಂಕೇತ ಸಂದೇಶಗಳನ್ನು ಒಡೆದು ಓದುತ್ತಿದ್ದರು. ‘ಫ್ರಿಟ್ಸ್’ (ಜರ್ಮನ್ನರು ಚಾಪ್‌ಮನ್‌ಗೆ ಇಟ್ಟ ಗುಪ್ತನಾಮ) ಎಂಬವನೊಬ್ಬ ಬರಲಿದ್ದಾನೆಂದು ಅವನು ಇಳಿಯುವ ಮೊದಲೇ ಗೊತ್ತಿತ್ತು. ಹಾಗಾಗಿ ಅವನು ಹೇಳಿದ್ದನ್ನು ತಾಳೆ ನೋಡಬಹುದಿತ್ತು. ಮುಂದೆ ಅವನು ಕಳಿಸಿದ ಸುಳ್ಳನ್ನು ಜರ್ಮನ್ನರು ನುಂಗಿದರೋ ಇಲ್ಲವೋ ಎಂಬುದೂ ತಿಳಿಯುತ್ತಿತ್ತು. ಬ್ಲೆಚ್ಲಿಯ ಈ ಕೆಲಸ ಎಲ್ಲರಿಗೂ ತಿಳಿದದ್ದು 1974ರಲ್ಲಿ. ಸಿನಿಮಾ ಬಂದು ಆಗಲೇ ಎಂಟು ವರ್ಷ. ಆದ್ದರಿಂದ ತೆರೆಯ ಮೇಲೆ ಒಬ್ಬನ ಚಾಲಾಕಿತನವಾಗಿ ಕಾಣುವುದರ ಹಿಂದೆ ಹಗಲೂ ರಾತ್ರಿ ಕೂತು ಕಾಗದ ಓದುತ್ತಿದ್ದ ನೂರಾರು ಜನರಿದ್ದರು. ನನ್ನ ಮಟ್ಟಿಗೆ ಇಡೀ ಕಥೆಯ ಬೆನ್ನುಮೂಳೆ ಅವರೇ.

ಇಲ್ಲೊಂದು ಸಣ್ಣ ತಂತ್ರವನ್ನು ಗಮನಿಸಿ. ಚಾಪ್‌ಮನ್ ಜರ್ಮನ್ನರಿಗೆ ಕಳಿಸುವ ರೇಡಿಯೋ ಸಂದೇಶದ ಮೊದಲಿಗೆ ‘ಎಫ್’ ಅಕ್ಷರ ಐದು ಸಲ ಇರಬೇಕಿತ್ತು. ಇದ್ದರೆ ಅವನು ಸ್ವತಂತ್ರ. ಇಲ್ಲದಿದ್ದರೆ ಸಿಕ್ಕಿಬಿದ್ದಿದ್ದಾನೆ, ಯಾರೋ ಕುತ್ತಿಗೆ ಹಿಡಿದು ಬರೆಸುತ್ತಿದ್ದಾರೆ ಎಂದರ್ಥ. ಬರೆದದ್ದು ಸುದ್ದಿ, ಬರೆಯದೆ ಬಿಟ್ಟದ್ದು ಎಚ್ಚರಿಕೆ. ಹಿಡಿದವರಿಗೆ ಈ ಏರ್ಪಾಡು ಗೊತ್ತಿಲ್ಲದಿದ್ದರೆ ಅವರ ಕಣ್ಣೆದುರಿಗೇ ಎಚ್ಚರಿಕೆ ದಾಟಿ ಹೋಗುತ್ತದೆ. ಚಾಪ್‌ಮನ್ ಅದನ್ನು ಬ್ರಿಟಿಷರಿಗೆ ಹೇಳಿಬಿಟ್ಟ. ಮನಸ್ಸು ಮಾಡಿದ್ದರೆ ಮುಚ್ಚಿಡಬಹುದಿತ್ತು.

ಅವನಿಗೆ ಜರ್ಮನ್ನರು ಒಪ್ಪಿಸಿದ ಕೆಲಸ ಹ್ಯಾಟ್‌ಫೀಲ್ಡ್‌ನ ಡಿ ಹ್ಯಾವಿಲ್ಯಾಂಡ್ ಕಾರ್ಖಾನೆಯನ್ನು ಸ್ಫೋಟಿಸುವುದು. ಮರದ ಮೈಯ ಮಸ್ಕಿಟೋ ವಿಮಾನ ತಯಾರಾಗುತ್ತಿದ್ದದ್ದು ಅಲ್ಲೇ. 1943ರ ಜನವರಿ ಕೊನೆಯ ಒಂದು ರಾತ್ರಿ ಬ್ರಿಟಿಷರೇ ಸ್ಫೋಟದ ನಾಟಕ ಆಡಿದರು. ಬಣ್ಣ ಬಳಿದ ಟಾರ್ಪಾಲು, ಸುತ್ತ ಚೆಲ್ಲಿದ ಕಲ್ಲುಮಣ್ಣು, ಮುರಿದು ಬಿದ್ದಂತೆ ಮಾಡಿಟ್ಟ ಟ್ರಾನ್ಸ್‌ಫಾರ್ಮರ್ ತುಂಡುಗಳು. ನಮ್ಮ ಕಂಪನಿ ನಾಟಕದ ಪರದೆಯಂತೆ ಇದನ್ನೂ ಒಂದೇ ಕಡೆಯಿಂದ ನೋಡುವುದಕ್ಕೆಂದು ಬರೆದದ್ದು: ಪ್ರೇಕ್ಷಕ ಕೂತಿರುವುದು ಮೇಲೆ ಹಾರುವ ಜರ್ಮನ್ ವಿಮಾನದಲ್ಲಿ. ನೆಲದ ಮೇಲೆ ನಿಂತು ನೋಡಿದವರಿಗೆ ಸುಳ್ಳು ಕಂಡರೂ ನಷ್ಟವಿಲ್ಲ.

ನಂತರ ಮತ್ತೆ ಜರ್ಮನ್ನರನ್ನು ಸೇರಿಕೊಳ್ಳಲು ಅವನು ‘ಸಿಟಿ ಆಫ್ ಲಂಕಾಸ್ಟರ್’ ಹಡಗಿನಲ್ಲಿ ಲಿಸ್ಬನ್‌ಗೆ ಹೋದ. ಅದೇ ಹಡಗನ್ನು ಮುಳುಗಿಸಲು ಜರ್ಮನ್ನರು ಕಲ್ಲಿದ್ದಲಿನ ಉಂಡೆಯಂತೆ ಮಾಡಿದ ಬಾಂಬು ಕೊಟ್ಟರು. ಅದನ್ನು ಒಯ್ದು ಕ್ಯಾಪ್ಟನ್ ಕೈಗೆ ಕೊಟ್ಟ. ಅವನು ತಮ್ಮವನೇ ಎಂದು ನಂಬಿ ಮೆಚ್ಚಿದ ಜರ್ಮನ್ನರಿಂದ ಐರನ್ ಕ್ರಾಸ್ ಪದಕವೂ ಬಂತು.

1944ರ ಜೂನ್‌ನಲ್ಲಿ ಅವನನ್ನು ಮತ್ತೆ ಇಂಗ್ಲೆಂಡಿಗೆ ಕಳಿಸಿದ್ದು ವಿ-1 ಹಾರುವ ಬಾಂಬುಗಳು ಎಲ್ಲಿ ಬೀಳುತ್ತಿವೆ ಎಂದು ವರದಿ ಮಾಡಲು. ಅವು ಲಂಡನ್ನಿನ ನಡುಭಾಗ ತಲುಪದೆ ದಕ್ಷಿಣದಲ್ಲೇ ಬೀಳುತ್ತಿದ್ದವು. ಗುರಿ ಸರಿಯಾಗಿದೆ ಎಂದು ನಂಬಿಸಿದರೆ ಜರ್ಮನ್ನರು ದೂರ ಹೆಚ್ಚಿಸುವುದಿಲ್ಲ. ಅವನೂ ಬೇರೆ ಏಜೆಂಟರೂ ಅದನ್ನೇ ಮಾಡಿದರು. ಆದರೆ ದಕ್ಷಿಣದಲ್ಲಿಯೂ ಜನವಿದ್ದರು. ಯಾವ ಬೀದಿಯವರು ಸಾಯಬೇಕೆಂದು ನಾವು ತೀರ್ಮಾನಿಸುವುದು ಸರಿಯೇ ಎಂಬ ಪ್ರಶ್ನೆ ಸರ್ಕಾರದೊಳಗೇ ಎದ್ದಿತು. ಗೃಹಮಂತ್ರಿ ಹರ್ಬರ್ಟ್ ಮಾರಿಸನ್ ಒಪ್ಪಲಿಲ್ಲ. ವಂಚನೆ ಆದರೂ ಮುಂದುವರಿಯಿತು. ಆ ಬೇಸಿಗೆಯಲ್ಲಿ ಲಂಡನ್ ಸುತ್ತಮುತ್ತ ಅತಿ ಹೆಚ್ಚು ವಿ-1 ಬಿದ್ದದ್ದು ದಕ್ಷಿಣದ ಕ್ರಾಯ್ಡನ್ ಮೇಲೆ.