ಫ್ರೇಮ್ ಟೈಮ್: ಸರಾಸರಿಯಲ್ಲಿ ಕಾಣದ ತಡವರಿಕೆ

ವಿಡಿಯೋ ಗೇಮಿನ ಪರದೆಯ ಮೇಲೆ ಚಲಿಸುವಂತೆ ಕಾಣುವುದೆಲ್ಲವೂ ಒಂದರ ಹಿಂದೊಂದು ಬಂದು ಹೋಗುವ ಸ್ಥಿರಚಿತ್ರಗಳ ಸಾಲು. ಅಂಥ ಒಂದು ಚಿತ್ರಕ್ಕೆ ಫ್ರೇಮ್ ಎಂದು ಹೆಸರು. ಒಂದು ಫ್ರೇಮನ್ನು ಲೆಕ್ಕಹಾಕಿ, ಬಿಡಿಸಿ, ಪರದೆಗೆ ಒಪ್ಪಿಸುವುದಕ್ಕೆ ಯಂತ್ರಕ್ಕೆ ಹಿಡಿಯುವ ಕಾಲವೇ ಫ್ರೇಮ್ ಟೈಮ್. ಇದನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ. ಎಲ್ಲರ ಬಾಯಲ್ಲೂ ಇರುವ ಎಫ್‌ಪಿಎಸ್, ಅಂದರೆ ಒಂದು ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬ ಲೆಕ್ಕ, ಇದೇ ಅಳತೆಯನ್ನು ತಲೆಕೆಳಗು ಮಾಡಿದ ರೂಪ: 30 ಎಫ್‌ಪಿಎಸ್ ಎಂದರೆ ಫ್ರೇಮಿಗೆ 33.3 ಮಿಲಿಸೆಕೆಂಡ್, 60 ಎಂದರೆ 16.7, 120 ಎಂದರೆ 8.3. ಗಣಿತದ ದೃಷ್ಟಿಯಿಂದ ಎರಡೂ ಒಂದೇ ಆಗಿದ್ದರೂ, ಓಪನ್ ವರ್ಲ್ಡ್ ಆರ್‌ಪಿಜಿಗಳ (ವಿಶಾಲ ಲೋಕದಲ್ಲಿ ಮನಬಂದತ್ತ ಅಲೆಯುತ್ತ ಒಂದು ಪಾತ್ರವಾಗಿ ಆಡುವ ಆಟಗಳ) ವಿಷಯದಲ್ಲಿ ಎಫ್‌ಪಿಎಸ್ ಮುಚ್ಚಿಡುವ ಸಂಗತಿಯನ್ನು ಫ್ರೇಮ್ ಟೈಮ್ ಹೊರಗೆಡಹುತ್ತದೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ಒಂದು ಸೆಕೆಂಡಿನಲ್ಲಿ 59 ಫ್ರೇಮುಗಳು ತಲಾ 15 ಮಿಲಿಸೆಕೆಂಡಿನಲ್ಲಿ ಮುಗಿದವು, ಉಳಿದ ಒಂದೇ ಒಂದು ಫ್ರೇಮ್ 115 ಮಿಲಿಸೆಕೆಂಡ್ ತೆಗೆದುಕೊಂಡಿತು ಎಂದುಕೊಳ್ಳೋಣ. ಒಟ್ಟು ಸರಿಯಾಗಿ 1000 ಮಿಲಿಸೆಕೆಂಡ್, 60 ಫ್ರೇಮ್. ಪರದೆಯ ಮೂಲೆಯಲ್ಲಿರುವ ಸಂಖ್ಯೆ 60 ಎಂದು ತೋರಿಸುತ್ತದೆ. ಆದರೆ ಕುದುರೆಯ ಮೇಲೆ ಕೂತು ಬಯಲಲ್ಲಿ ಓಡುತ್ತಿದ್ದ ಆಟಗಾರನಿಗೆ ಆ ಒಂದು ಫ್ರೇಮಿನ ಹೊತ್ತಿನಲ್ಲಿ ಲೋಕವೇ ನಿಂತು ಮತ್ತೆ ಹೊರಟಂತೆ ಭಾಸವಾಗುತ್ತದೆ. ಆಟಗಾರರು ಸ್ಟಟರ್ ಎಂದು ಕರೆಯುವ ತಡವರಿಕೆ ಇದೇ. ಕಣ್ಣು ಸರಾಸರಿಯನ್ನು ನೋಡುವುದಿಲ್ಲ. ಹಿಂದಿನ ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವಿನ ಅಂತರ ಒಮ್ಮೆಲೇ ಹಿಗ್ಗಿದರೆ ಅದನ್ನು ಕೂಡಲೇ ಗುರುತಿಸುತ್ತದೆ. 2011ರಲ್ಲಿ ಟೆಕ್ ರಿಪೋರ್ಟ್ ತಾಣದ ಸ್ಕಾಟ್ ವಾಸನ್ ಗ್ರಾಫಿಕ್ಸ್ ಕಾರ್ಡುಗಳನ್ನು ಸರಾಸರಿ ಎಫ್‌ಪಿಎಸ್ ಬದಲು ಪ್ರತಿಯೊಂದು ಫ್ರೇಮಿನ ಅವಧಿಯಿಂದ ಅಳೆಯಬೇಕೆಂದು ವಾದಿಸಿ ಬರೆದ ಬಳಿಕ, ಪರೀಕ್ಷಕರ ರೂಢಿಯೇ ನಿಧಾನವಾಗಿ ಬದಲಾಯಿತು. ಇಂದಿನ ವಿಮರ್ಶೆಗಳಲ್ಲಿ ಕಾಣುವ ‘1 ಪರ್ಸೆಂಟ್ ಲೋ’ ಎಂಬ ಅಂಕಿಯೂ ಇದೇ ಚಿಂತನೆಯ ಕೂಸು: ಅತ್ಯಂತ ನಿಧಾನವಾದ ಶೇ. 1ರಷ್ಟು ಫ್ರೇಮುಗಳು ಹೇಗಿದ್ದವು ಎಂಬುದನ್ನು ಅದು ಹೇಳುತ್ತದೆ.

ಎಫ್‌ಪಿಎಸ್ ಇನ್ನೊಂದು ಬಗೆಯಲ್ಲೂ ದಾರಿ ತಪ್ಪಿಸುತ್ತದೆ. 30ರಿಂದ 40ಕ್ಕೆ ಏರಿದರೂ 110ರಿಂದ 120ಕ್ಕೆ ಏರಿದರೂ ಹೆಚ್ಚಿದ್ದು ಹತ್ತೇ. ಆದರೆ ಮೊದಲನೆಯದರಲ್ಲಿ ಪ್ರತಿ ಫ್ರೇಮಿನಲ್ಲಿ 8.3 ಮಿಲಿಸೆಕೆಂಡ್ ಉಳಿಯುತ್ತದೆ, ಎರಡನೆಯದರಲ್ಲಿ ಉಳಿಯುವುದು ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ. ಕಾಲದ ಲೆಕ್ಕದಲ್ಲಿ 30 ಮತ್ತು 60ರ ನಟ್ಟನಡುವೆ ಇರುವುದು 45 ಅಲ್ಲ, 40. ಏಕೆಂದರೆ 25 ಮಿಲಿಸೆಕೆಂಡ್ ಎಂಬುದು 33.3 ಮತ್ತು 16.7ರ ಸರಿಯಾದ ಮಧ್ಯಬಿಂದು. ಸೆಕೆಂಡಿಗೆ 120 ಸಲ (40ರ ಸರಿಯಾದ ಮೂರು ಪಟ್ಟು) ಚಿತ್ರ ಬದಲಿಸುವ 120 ಹರ್ಟ್ಸ್ ಟಿವಿಗಳು ಬಂದ ಮೇಲೆ ಕೆಲವು ಕನ್ಸೋಲ್ ಆಟಗಳು 40 ಎಫ್‌ಪಿಎಸ್ ಆಯ್ಕೆಯನ್ನು ಕೊಡಲು ಆರಂಭಿಸಿದ್ದು ಈ ಕಾರಣಕ್ಕೆ. ಸಂಖ್ಯೆಯಲ್ಲಿ ಅಲ್ಪವೆನಿಸುವ ಈ ಹೆಜ್ಜೆ ಕೈಗೆ ಮಾತ್ರ ದೊಡ್ಡದಾಗಿಯೇ ತಿಳಿಯುತ್ತದೆ.

ಈಗ ಈ ಮಿಲಿಸೆಕೆಂಡುಗಳು ಎಲ್ಲಿ ಖರ್ಚಾಗುತ್ತವೆ ಎಂಬ ಪ್ರಶ್ನೆ. ಪ್ರತಿ ಫ್ರೇಮಿಗೂ ಮೊದಲು ಪ್ರೊಸೆಸರ್ ಕೆಲಸ ಮಾಡಬೇಕು: ಆಟಗಾರ ಯಾವ ಗುಂಡಿ ಒತ್ತಿದ, ಪಾತ್ರಗಳು ಎಲ್ಲಿಗೆ ಸರಿದವು, ಬಿದ್ದ ಕಲ್ಲು ಎಲ್ಲಿ ನಿಂತಿತು ಎಂಬುದನ್ನೆಲ್ಲ ನಿರ್ಧರಿಸಿ, ಕಣ್ಣಿಗೆ ಬೀಳುವ ವಸ್ತುಗಳ ಪಟ್ಟಿ ಮಾಡಿ, ಒಂದೊಂದನ್ನೂ ಬಿಡಿಸು ಎಂದು ಗ್ರಾಫಿಕ್ಸ್ ಕಾರ್ಡಿಗೆ ಆಜ್ಞೆ ಕಳಿಸಬೇಕು. ಈ ಆಜ್ಞೆಗಳಿಗೆ ಡ್ರಾ ಕಾಲ್ ಎನ್ನುತ್ತಾರೆ. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಆಕಾರ, ಬಣ್ಣ, ನೆರಳು, ಬೆಳಕುಗಳನ್ನು ತುಂಬುತ್ತದೆ. ಒಂದು ಫ್ರೇಮನ್ನು ಕಾರ್ಡ್ ಬಿಡಿಸುತ್ತಿರುವಾಗಲೇ ಪ್ರೊಸೆಸರ್ ಮುಂದಿನದನ್ನು ಅಣಿಮಾಡುತ್ತಿರುತ್ತದೆಯಾದ್ದರಿಂದ, ಇಬ್ಬರಲ್ಲಿ ಯಾರು ನಿಧಾನವೋ ಅವರ ವೇಗವೇ ಆಟದ ವೇಗ.

ಓಣಿಯಂಥ ಮಟ್ಟಗಳಿರುವ ಆಟದಲ್ಲಿ ಆಟಗಾರ ಯಾವ ಕ್ಷಣದಲ್ಲಿ ಏನನ್ನು ನೋಡುತ್ತಾನೆ ಎಂಬುದು ತಯಾರಕರ ಹಿಡಿತದಲ್ಲಿರುತ್ತದೆ. ಭಾರಿ ದೃಶ್ಯದ ಮುಂಚೆ ಒಂದು ಬಾಗಿಲು, ಒಂದು ಲಿಫ್ಟ್ ಇಟ್ಟು ಯಂತ್ರಕ್ಕೆ ಉಸಿರಾಡಲು ಬಿಡುವು ಕೊಡಬಹುದು. ಓಪನ್ ವರ್ಲ್ಡ್ ಆಟದಲ್ಲಿ ಆ ಅನುಕೂಲವಿಲ್ಲ. ಆಟಗಾರ ಬೆಟ್ಟ ಹತ್ತಿ ನಿಂತು ಕಾಡು, ನದಿ, ದೂರದ ಕೋಟೆಯನ್ನು ಒಂದೇ ನೋಟದಲ್ಲಿ ನೋಡಬಹುದು, ಮರುಗಳಿಗೆಯೇ ತಿರುಗಿ ಸಂತೆಯೊಳಕ್ಕೆ ನುಗ್ಗಬಹುದು. ಆದ್ದರಿಂದ ಆಟದ ಎಂಜಿನ್, ಅಂದರೆ ಆಟವನ್ನು ನಡೆಸುವ ಮೂಲ ತಂತ್ರಾಂಶ, ಸದಾ ಕತ್ತರಿ ಹಿಡಿದೇ ಇರುತ್ತದೆ. ನೋಟದ ಚೌಕಟ್ಟಿನ ಹೊರಗಿರುವುದನ್ನು ಬಿಡಿಸುವುದೇ ಇಲ್ಲ. ಗೋಡೆಯ ಹಿಂದೆ ಅಡಗಿರುವುದನ್ನೂ ಸಾಧ್ಯವಾದಷ್ಟು ಕೈಬಿಡುತ್ತದೆ. ದೂರದ ಮರಕ್ಕೆ ಕಡಿಮೆ ತ್ರಿಕೋನಗಳ ಸರಳ ಮಾದರಿಯನ್ನು, ಇನ್ನೂ ದೂರ ಹೋದರೆ ಒಂದು ಚಪ್ಪಟೆ ಚಿತ್ರವನ್ನು ನಿಲ್ಲಿಸಿ ಸುಧಾರಿಸಿಕೊಳ್ಳುತ್ತದೆ. ಹತ್ತಿರ ಹೋದಾಗ ಪೊದೆಗಳು ಏಕಾಏಕಿ ಮೊಳೆತಂತೆ ಕಾಣುವುದು ಈ ಅದಲುಬದಲು ತಡವಾಗಿ ಕಣ್ಣಿಗೆ ಸಿಕ್ಕಿಬಿದ್ದಾಗ.

ಗ್ರಾಫಿಕ್ಸ್ ಕಾರ್ಡಿನ ಹೊರೆಯಲ್ಲಿ ಮೊದಲ ಪಾಲು ರೆಸಲ್ಯೂಶನ್ನಿನದು. 1920×1080ರ ಪರದೆಯಲ್ಲಿ 20,73,600 ಪಿಕ್ಸೆಲ್‌ಗಳಿದ್ದರೆ 4ಕೆ ಪರದೆಯಲ್ಲಿ ಸರಿಯಾಗಿ ಅದರ ನಾಲ್ಕು ಪಟ್ಟು, 82,94,400. ಇದರ ಮೇಲೆ ಹುಲ್ಲು ಮತ್ತು ಎಲೆಗಳು ಬರುತ್ತವೆ. ಒಂದರ ಮೇಲೊಂದು ಹರಡಿದ ಅರೆಪಾರದರ್ಶಕ ಪದರಗಳಾದ್ದರಿಂದ ಒಂದೇ ಪಿಕ್ಸೆಲನ್ನು ಹಲವು ಸಲ ಬಿಡಿಸಬೇಕಾಗುತ್ತದೆ. ಹಗಲು ರಾತ್ರಿ ಬದಲಾಗುವ ಲೋಕದಲ್ಲಿ ನೆರಳನ್ನು ಮೊದಲೇ ಬಳಿದಿಡಲು ಬಾರದು, ಸೂರ್ಯ ಸರಿದಂತೆ ಮತ್ತೆ ಮತ್ತೆ ಲೆಕ್ಕಹಾಕಬೇಕು. ಬೆಳಕಿನ ಕಿರಣಗಳ ದಾರಿಯನ್ನೇ ಲೆಕ್ಕಹಾಕುವ ರೇ ಟ್ರೇಸಿಂಗ್ ಇದೆಲ್ಲಕ್ಕಿಂತ ದುಬಾರಿ. ಸೈಬರ್‌ಪಂಕ್ 2077 ಆಟಕ್ಕೆ 2023ರ ಏಪ್ರಿಲ್‌ನಲ್ಲಿ ಅದರ ಇನ್ನೂ ಭಾರಿ ರೂಪವಾದ ಪಾತ್ ಟ್ರೇಸಿಂಗ್ ಆಯ್ಕೆ ಬಂದಾಗ, ಆಗಿನ ಅತಿ ಶಕ್ತಿಶಾಲಿ ಕಾರ್ಡುಗಳು ಕೂಡ 4ಕೆಯಲ್ಲಿ ಅಪ್‌ಸ್ಕೇಲಿಂಗ್ ನೆರವಿಲ್ಲದೆ ಅದನ್ನು ಸರಾಗವಾಗಿ ಓಡಿಸಲಾರದಾದವು. ಅಪ್‌ಸ್ಕೇಲಿಂಗ್ ಎಂದರೆ ಕಡಿಮೆ ಪಿಕ್ಸೆಲ್‌ಗಳಲ್ಲಿ ಬಿಡಿಸಿ, ಹಿಂದಿನ ಫ್ರೇಮುಗಳ ಮಾಹಿತಿಯನ್ನೂ ಬಳಸಿಕೊಂಡು ದೊಡ್ಡ ಚಿತ್ರವಾಗಿ ಕಟ್ಟುವ ಉಪಾಯ. ಕಾರ್ಡು ತಯಾರಿಸುವ ಎನ್ವಿಡಿಯಾದ ಅಪ್‌ಸ್ಕೇಲಿಂಗ್ ತಂತ್ರವಾದ ಡಿಎಲ್‌ಎಸ್‌ಎಸ್‌ನ ಕ್ವಾಲಿಟಿ ಆಯ್ಕೆಯಲ್ಲಿ 4ಕೆ ಚಿತ್ರ ಒಳಗಿನಿಂದ 2560×1440ರಲ್ಲಿ ಹುಟ್ಟುತ್ತದೆ, ಅಂದರೆ ಅರ್ಧಕ್ಕಿಂತಲೂ ಕಡಿಮೆ ಪಿಕ್ಸೆಲ್.

ಇಲ್ಲಿಯವರೆಗೆ ಹೇಳಿದ್ದು ಎಲ್ಲರೂ ಊಹಿಸುವ ಭಾಗ. ಆಟ ತಡವರಿಸಿದರೆ ಗ್ರಾಫಿಕ್ಸ್ ಕಾರ್ಡನ್ನೇ ದೂರುವುದು ವಾಡಿಕೆ. ನಾನೂ ಹಾಗೆಯೇ ದೂರಿ, ಹೊಸ ಕಾರ್ಡ್ ಹಾಕಿಸಿ, ಊರಬಾಗಿಲು ದಾಟುವಾಗ ಅದೇ ಜಾಗದಲ್ಲಿ ಅದೇ ಮುಗ್ಗರಿಕೆಯನ್ನು ಕಂಡು ಪೆಚ್ಚಾದವನು. ಓಪನ್ ವರ್ಲ್ಡ್ ಆರ್‌ಪಿಜಿಯ ನಿಜವಾದ ಕಷ್ಟ ಬಹಳ ಸಲ ಪ್ರೊಸೆಸರ್, ಮೆಮೊರಿ ಮತ್ತು ಸಂಗ್ರಹದ ಕಡೆಗೇ ಇರುತ್ತದೆ, ಮತ್ತು ಅದನ್ನು ತೋರಿಸಿಕೊಡುವುದು ಪ್ರತಿ ಫ್ರೇಮಿನ ಅವಧಿಯನ್ನು ಸಾಲಾಗಿ ಗುರುತಿಸುವ ಫ್ರೇಮ್ ಟೈಮಿನ ರೇಖೆ ಮಾತ್ರ.

ಆರ್‌ಪಿಜಿ ಎಂದ ಮೇಲೆ ಲೋಕ ಆಟಗಾರನನ್ನು ನೆನಪಿಟ್ಟುಕೊಳ್ಳಬೇಕು. ಊರಿನ ಪಾತ್ರಗಳಿಗೆ ದಿನಚರಿ ಇರುತ್ತದೆ, ದಾರಿ ಹುಡುಕುವ ಬುದ್ಧಿ ಇರುತ್ತದೆ, ಆಟಗಾರನ ನಡತೆಗೆ ತಕ್ಕ ಪ್ರತಿಕ್ರಿಯೆ ಇರುತ್ತದೆ. ಮೇಜಿನಿಂದ ಕೆಳಗೆ ಬಿದ್ದ ಬಟ್ಟಲು ಮುಂದಿನ ಭೇಟಿಯಲ್ಲೂ ಅಲ್ಲೇ ಬಿದ್ದಿರಬೇಕಾಗುತ್ತದೆ. 2024ರ ಮಾರ್ಚ್‌ನಲ್ಲಿ ಬಂದ ಡ್ರ್ಯಾಗನ್ಸ್ ಡಾಗ್ಮಾ 2 ಬಯಲಲ್ಲಿ ಚೆನ್ನಾಗಿ ಓಡಿ ನಗರದೊಳಗೆ ಸೊರಗುತ್ತಿತ್ತು. ಪಾತ್ರಗಳ ಲೆಕ್ಕಾಚಾರಕ್ಕೇ ಪ್ರೊಸೆಸರ್‌ನ ದೊಡ್ಡ ಪಾಲು ಹೋಗುತ್ತಿದೆಯೆಂದು ತಯಾರಕ ಸಂಸ್ಥೆ ಕ್ಯಾಪ್ಕಾಮ್ ತಾನೇ ಒಪ್ಪಿಕೊಂಡಿತು. ಅದಕ್ಕೂ ಹಿಂದಿನ ಪ್ರಸಿದ್ಧ ನಿದರ್ಶನ 2011ರ ಸ್ಕೈರಿಮ್. ಪ್ಲೇಸ್ಟೇಷನ್ 3ರಲ್ಲಿದ್ದದ್ದು 256 ಎಂಬಿ ಮುಖ್ಯ ಮೆಮೊರಿ, ಬೇರೆಯಾಗಿ ಚಿತ್ರ ಬಿಡಿಸುವುದಕ್ಕೆಂದು 256 ಎಂಬಿ ವಿಡಿಯೋ ಮೆಮೊರಿ. ಗಂಟೆಗಟ್ಟಲೆ ಆಡಿ ಲೋಕದಲ್ಲಿ ಮಾಡಿದ ಬದಲಾವಣೆಗಳ ಲೆಕ್ಕ ಬೆಳೆದು, ಸೇವ್ ಕಡತ ಊದಿಕೊಂಡಂತೆಲ್ಲ ಅದೇ ಆಟ ಅದೇ ಯಂತ್ರದಲ್ಲಿ ಆಡಲಾಗದಷ್ಟು ನಿಧಾನವಾಗುತ್ತಿತ್ತು. ಚಿತ್ರದ ಗುಣಮಟ್ಟ ಮೊದಲ ದಿನ ಹೇಗಿತ್ತೋ ಹಾಗೆಯೇ ಇತ್ತು. ಹೆಚ್ಚಿದ್ದು ನೆನಪಿನ ಹೊರೆ.

ದೋಷ ಯಾರದೆಂದು ಪತ್ತೆ ಮಾಡಲು ಸುಲಭದ ಪರೀಕ್ಷೆಯೊಂದಿದೆ. ರೆಸಲ್ಯೂಶನ್ನನ್ನು ಗಣನೀಯವಾಗಿ ತಗ್ಗಿಸಿದಾಗ ಫ್ರೇಮ್ ಟೈಮ್ ಇಳಿದರೆ ಹೊರೆ ಗ್ರಾಫಿಕ್ಸ್ ಕಾರ್ಡಿನ ಮೇಲಿತ್ತು. ಅದು ಕದಲದಿದ್ದರೆ ಕಾಯುತ್ತಿರುವುದು ಪ್ರೊಸೆಸರ್‌ಗೆ. ಅಂಥ ಜಾಗದಲ್ಲಿ ಡಿಎಲ್‌ಎಸ್‌ಎಸ್ ಆಗಲಿ ಎಎಮ್‌ಡಿಯ ಎಫ್‌ಎಸ್‌ಆರ್ ಅಪ್‌ಸ್ಕೇಲಿಂಗ್ ಆಗಲಿ ಕೈಹಿಡಿಯುವುದಿಲ್ಲ. ಜನಸಂದಣಿಯ ಮಟ್ಟವನ್ನು, ಎಷ್ಟು ದೂರದವರೆಗಿನ ವಸ್ತುಗಳನ್ನು ಬಿಡಿಸಬೇಕೆಂಬ ಡ್ರಾ ಡಿಸ್ಟೆನ್ಸನ್ನು ಇಳಿಸಿದರೆ ಫಲ ಸಿಗಬಹುದು. ರೇ ಟ್ರೇಸಿಂಗ್ ಪ್ರೊಸೆಸರ್‌ನ ಕೆಲಸವನ್ನೂ ಹೆಚ್ಚಿಸುತ್ತದೆ ಎಂಬುದನ್ನು ಮರೆಯುವವರು ಬಹಳ: ಚಲಿಸುವ ವಸ್ತುಗಳು ಎಲ್ಲಿವೆ ಎಂಬ ಪಟ್ಟಿಯನ್ನು ಕಿರಣಗಳಿಗೋಸ್ಕರ ಪ್ರತಿ ಫ್ರೇಮಿನಲ್ಲೂ ಪರಿಷ್ಕರಿಸಬೇಕಾಗುತ್ತದೆ.

ಇನ್ನು ಸಂಗ್ರಹದ ಮಾತು. ದೊಡ್ಡ ಓಪನ್ ವರ್ಲ್ಡ್ ಇಡಿಯಾಗಿ ಸಾಮಾನ್ಯ ಯಂತ್ರದ ಮೆಮೊರಿಯಲ್ಲಿ ಹಿಡಿಯುವುದಿಲ್ಲ. ಲೋಕವನ್ನು ಚೌಕಗಳಾಗಿ ಕತ್ತರಿಸಿ, ಆಟಗಾರ ಸಾಗಿದ ದಿಕ್ಕಿನ ಚೌಕಗಳನ್ನು ಡಿಸ್ಕಿನಿಂದ ತರುತ್ತ, ಹಿಂದೆ ಬಿದ್ದವನ್ನು ಹೊರಹಾಕುತ್ತ ಎಂಜಿನ್ ಮುಂದುವರಿಯುತ್ತದೆ. ಇದು ಸ್ಟ್ರೀಮಿಂಗ್. ತಂದ ದತ್ತಾಂಶವನ್ನು ಬಿಚ್ಚಿ, ಜೋಡಿಸಿ, ವಿಡಿಯೋ ಮೆಮೊರಿಗೆ ಸೇರಿಸುವ ಕೆಲಸ ಒಂದು ಫ್ರೇಮಿನ ಅವಧಿಯೊಳಗೆ ಮುಗಿಯದಿದ್ದರೆ ಆ ಫ್ರೇಮ್ ಹಿಗ್ಗುತ್ತದೆ. ಪ್ರತಿಸಲವೂ ಅದೇ ಸೇತುವೆ, ಅದೇ ತಿರುವಿನಲ್ಲಿ ಆಟ ಮುಗ್ಗರಿಸುವುದಕ್ಕೆ ಇದೇ ಕಾರಣ. ಸೈಬರ್‌ಪಂಕ್ 2077 ಡಿಸೆಂಬರ್ 2020ರಲ್ಲಿ ಬಿಡುಗಡೆಯಾದಾಗ ಹಾರ್ಡ್ ಡಿಸ್ಕ್ ಮತ್ತು ದುರ್ಬಲ ಪ್ರೊಸೆಸರ್ ಇದ್ದ ಪ್ಲೇಸ್ಟೇಷನ್ 4ರಲ್ಲಿ ಅದರ ಸ್ಥಿತಿ ಎಷ್ಟು ಹೀನವಾಗಿತ್ತೆಂದರೆ, ಸೋನಿ ಅದನ್ನು ಅದೇ ತಿಂಗಳು ತನ್ನ ಡಿಜಿಟಲ್ ಅಂಗಡಿಯಿಂದ ತೆಗೆದುಹಾಕಿತು. ಆಟ ಮರಳಿದ್ದು 2021ರ ಜೂನ್‌ನಲ್ಲಿ. 2020ರಲ್ಲೇ ಬಂದ ಪ್ಲೇಸ್ಟೇಷನ್ 5 ಹಾರ್ಡ್ ಡಿಸ್ಕಿನ ಬದಲು ಅದಕ್ಕಿಂತ ಬಹಳ ವೇಗದ, ಸೆಕೆಂಡಿಗೆ 5.5 ಜಿಬಿ ಓದಬಲ್ಲ ಎಸ್‌ಎಸ್‌ಡಿ ಹೊತ್ತು ಬಂತು. 2023ರ ಹೊತ್ತಿಗೆ ಸ್ಟಾರ್‌ಫೀಲ್ಡ್ ತನ್ನ ಪಿಸಿ ಆವೃತ್ತಿಗೆ ಎಸ್‌ಎಸ್‌ಡಿಯನ್ನು ಕನಿಷ್ಠ ಅಗತ್ಯವೆಂದೇ ಘೋಷಿಸಿತು, ಸೈಬರ್‌ಪಂಕ್ ಕೂಡ ಹಾರ್ಡ್ ಡಿಸ್ಕಿನ ಬೆಂಬಲವನ್ನು ಕೈಬಿಟ್ಟಿತು. ವಿಡಿಯೋ ಮೆಮೊರಿ ಸಾಲದಿದ್ದಾಗಲೂ ಪರಿಣಾಮ ಇಂಥದೇ: ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳಾದ ಟೆಕ್ಸ್ಚರ್‌ಗಳು ಮುಖ್ಯ ಮೆಮೊರಿಗೂ ಕಾರ್ಡಿಗೂ ನಡುವೆ ಓಡಾಡತೊಡಗುತ್ತವೆ, ಸರಾಸರಿ ಅಷ್ಟೇನೂ ಕುಸಿಯದೆ ಫ್ರೇಮ್ ಟೈಮ್ ಮಾತ್ರ ಗರಗಸದ ಹಲ್ಲುಗಳಂತಾಗುತ್ತದೆ.

ಶೇಡರ್‌ಗಳಿಂದ ಬರುವ ತಡವರಿಕೆ ಪಿಸಿಯ ಪಾಲಿಗೆ ವಿಶೇಷ. ಶೇಡರ್ ಎಂದರೆ ಒಂದು ಮೇಲ್ಮೈ ಹೇಗೆ ಕಾಣಬೇಕೆಂದು ಹೇಳುವ ಪುಟ್ಟ ಪ್ರೋಗ್ರಾಮ್. ಕನ್ಸೋಲಿನಲ್ಲಿ ಯಂತ್ರಾಂಶ ಒಂದೇ ಬಗೆಯದಾದ್ದರಿಂದ ಅದನ್ನು ಮೊದಲೇ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ಪರಿವರ್ತಿಸಿ, ಕೊಡಬಹುದು. ಪಿಸಿಯಲ್ಲಿ ಕಾರ್ಡು ಮತ್ತು ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಒಬ್ಬೊಬ್ಬರದು ಒಂದೊಂದಾದ್ದರಿಂದ ಸಾಮಾನ್ಯವಾಗಿ ಆಯಾ ಯಂತ್ರದಲ್ಲೇ ಕಂಪೈಲ್ ಆಗಬೇಕು. ಹೊಸ ಮಾಂತ್ರಿಕ ಅಸ್ತ್ರವೊಂದು ಮೊದಲ ಸಲ ಸಿಡಿದಾಗ ಆಟ ನಿಂತು, ಎರಡನೆಯ ಸಲ ಸರಾಗವಾಗಿ ನಡೆದರೆ ಕಾರಣ ಬಹುಪಾಲು ಇದೇ. 2022ರ ಎಲ್ಡನ್ ರಿಂಗ್ ಪಿಸಿಯಲ್ಲಿ 60 ಎಫ್‌ಪಿಎಸ್ ಮಿತಿಯೊಳಗೇ ಇದ್ದರೂ ತಡವರಿಸುತ್ತಿತ್ತು, ಅದಕ್ಕೆ ಶೇಡರ್‌ಗಳಷ್ಟೇ ಕಾರಣವಾಗಿರಲಿಲ್ಲ. ಸ್ಟೀಮ್ ಡೆಕ್ ಎಂಬ ಪುಟ್ಟ ಯಂತ್ರಕ್ಕೆ ವಾಲ್ವ್ ಸಂಸ್ಥೆ, ವಿಂಡೋಸ್ ಆಟಗಳನ್ನು ಲಿನಕ್ಸಿನಲ್ಲಿ ಓಡಿಸುವ ತನ್ನ ಪ್ರೋಟಾನ್ ತಂತ್ರಾಂಶದಲ್ಲಿ ಪರಿಹಾರ ಅಳವಡಿಸಿದ ಮೇಲೆ, ಕಚ್ಚಾ ಬಲದಲ್ಲಿ ತನಗಿಂತ ಎಷ್ಟೋ ಪಾಲು ಹಿರಿದಾದ ಪಿಸಿಗಳಿಗಿಂತ ಅದರಲ್ಲೇ ಆಟ ನಯವಾಗಿ ಓಡಿದ್ದು ಒಂದು ತಮಾಷೆ. ಆಟ ತೆರೆದೊಡನೆ ‘ಶೇಡರ್‌ಗಳು ಸಿದ್ಧವಾಗುತ್ತಿವೆ’ ಎಂದು ಹಲವು ನಿಮಿಷ ಕಾಯಿಸುವ ಪರದೆ ಬೇಸರ ತಂದರೂ ಅದನ್ನು ಅರ್ಧಕ್ಕೆ ನಿಲ್ಲಿಸದಿರುವುದೇ ಲೇಸು.

2022ರಲ್ಲಿ ಡಿಎಲ್‌ಎಸ್‌ಎಸ್ 3ರ ಜೊತೆ ಬಂದ ಫ್ರೇಮ್ ಜನರೇಷನ್, ಫ್ರೇಮ್ ಟೈಮ್ ಎಂಬ ಪದದ ಅರ್ಥವನ್ನೇ ಸ್ವಲ್ಪ ಕದಡಿದೆ. ಆಟ ನಿಜವಾಗಿ ಲೆಕ್ಕಹಾಕಿದ ಎರಡು ಫ್ರೇಮುಗಳ ನಡುವೆ ಕಾರ್ಡ್ ಮೂರನೆಯದೊಂದನ್ನು ಊಹಿಸಿ ತುರುಕುತ್ತದೆ. 60ರ ಜಾಗದಲ್ಲಿ ಮೀಟರ್ 120ರ ಹತ್ತಿರ ತೋರಿಸುತ್ತದೆ, ಕಣ್ಣಿಗೂ ಚಲನೆ ನಯವಾಗುತ್ತದೆ. ಆದರೆ ಊಹಿಸಿದ ಫ್ರೇಮಿನಲ್ಲಿ ಆಟಗಾರನ ಗುಂಡಿಗೆ ಉತ್ತರವಿಲ್ಲ, ಮೇಲಾಗಿ ನಡುವಿನ ಚಿತ್ರ ಕಟ್ಟಲು ಮುಂದಿನ ನಿಜ ಫ್ರೇಮನ್ನು ತಡೆಹಿಡಿಯಬೇಕಾದ್ದರಿಂದ ಪ್ರತಿಕ್ರಿಯೆ ತುಸು ಹಿಂದೆಯೇ ಬೀಳುತ್ತದೆ. ಇಂಥಲ್ಲಿ ಪರದೆಗೆ ಬಂದ ಫ್ರೇಮ್ ಟೈಮ್ ಬೇರೆ, ಆಟದ ಫ್ರೇಮ್ ಟೈಮ್ ಬೇರೆ ಎಂದು ಬಿಡಿಸಿ ಹೇಳಬೇಕಾಗುತ್ತದೆ. ಪರದೆಯ ರಿಫ್ರೆಶ್ ಗತಿಯನ್ನು ಫ್ರೇಮಿಗೆ ಹೊಂದಿಸುವ ವಿಆರ್‌ಆರ್ ತಂತ್ರವೂ 14 ಮತ್ತು 20 ಮಿಲಿಸೆಕೆಂಡ್ ನಡುವಿನ ಏರುಪೇರನ್ನು ಮರೆಸುತ್ತದೆಯೇ ಹೊರತು ನೂರು ಮಿಲಿಸೆಕೆಂಡಿನ ನಿಲುಗಡೆಯನ್ನಲ್ಲ.

ಏರುಪೇರಿನ 60ಕ್ಕಿಂತ ಸಮತಟ್ಟಾದ 30 ವಾಸಿ ಎಂಬ ಮಾತನ್ನು ಈ ಹಿನ್ನೆಲೆಯಲ್ಲೇ ಅರ್ಥಮಾಡಿಕೊಳ್ಳಬೇಕು. ಸ್ಟಾರ್‌ಫೀಲ್ಡ್ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ 30 ಎಫ್‌ಪಿಎಸ್‌ಗೆ ಕಟ್ಟುಬಿದ್ದು ಬಂದಾಗ ಅದರ ನಿರ್ದೇಶಕ ಟಾಡ್ ಹಾವರ್ಡ್ ಕೊಟ್ಟ ಕಾರಣವೂ ಸ್ಥಿರತೆಯೇ ಆಗಿತ್ತು. 60ರ ಆಯ್ಕೆ ಬಂದದ್ದು 2024ರ ಮೇ ತಿಂಗಳಲ್ಲಿ. ಪಿಸಿಯಲ್ಲಿ ಆಡುವವರು ಈ ಆಯ್ಕೆಯನ್ನು ತಾವೇ ಮಾಡಿಕೊಳ್ಳಬಹುದು. ಆಟದ ಅತಿ ಜನನಿಬಿಡ ನಗರದ ಹೆಬ್ಬಾಗಿಲಿನ ಹೊರಗೆ ಸೇವ್ ಮಾಡಿ, ಫ್ರೇಮ್ ಟೈಮಿನ ರೇಖೆಯನ್ನು ತೆರೆದಿಟ್ಟುಕೊಂಡು, ಓಡುತ್ತ ಒಳಹೊಕ್ಕು ಸಂತೆಯವರೆಗೆ ಹೋಗಿ, ಅಲ್ಲಿ ರೇಖೆ ಯಾವ ಎತ್ತರದಲ್ಲಿ ನಿಂತಿತೋ ಆ ಮಿಲಿಸೆಕೆಂಡಿಗೆ ಸರಿಹೊಂದುವ ಎಫ್‌ಪಿಎಸ್ ಮಿತಿಯನ್ನು ಸೆಟ್ಟಿಂಗ್ಸ್‌ನಲ್ಲಿ ಹಾಕಿಬಿಟ್ಟರೆ, ಬಯಲಿನಲ್ಲಿ ಕೆಲವು ಫ್ರೇಮುಗಳು ಕಡಿಮೆಯಾದರೂ ಬಯಲಿನಿಂದ ಊರಿಗೆ ಕಾಲಿಡುವಾಗ ಗತಿ ಕುಸಿದದ್ದು ಅರಿವಿಗೆ ಬರುವುದಿಲ್ಲ.