ಹಾಸಿಗೆ ಹಿಡಿದ ಹಿರಿಯರ ಆರೈಕೆ: ಖರ್ಚು ಯಾರ ಪಾಲಿಗೆ?

ಈ ವಿಷಯವನ್ನು ಓದುವಾಗ ಚಿಕಿತ್ಸೆ ಬೇರೆ, ಆರೈಕೆ ಬೇರೆ ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಪಾರ್ಶ್ವವಾಯುವಾದ ಹಿರಿಯರಿಗೆ ಆಸ್ಪತ್ರೆಯಲ್ಲಿ ಕೆಲವು ದಿನ ಸಿಗುವುದು ಚಿಕಿತ್ಸೆ. ಮನೆಗೆ ಬಂದ ಮೇಲೆ ವರ್ಷಗಟ್ಟಲೆ ಬೇಕಾಗುವುದು ಆರೈಕೆ. ಸ್ನಾನ, ಬಟ್ಟೆ ತೊಡುವುದು, ಶೌಚ, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹತೋಟಿ, ಊಟ ಎಂಬ ಆರು ಕೆಲಸಗಳನ್ನು 1963ರ ಕಾಟ್ಜ್ ಸೂಚ್ಯಂಕ ಗುರುತಿಸುತ್ತದೆ. ಇವುಗಳಲ್ಲಿ ಎಷ್ಟಕ್ಕೆ ಇನ್ನೊಬ್ಬರ ಕೈ ಬೇಕೋ ಅದರ ಮೇಲೆ ಆರೈಕೆಯ ಹೊರೆ ನಿಲ್ಲುತ್ತದೆಯೇ ಹೊರತು ರೋಗದ ಹೆಸರಿನ ಮೇಲಲ್ಲ.

ನಮ್ಮಲ್ಲಿ ವಿಮೆ ಬಹುಮಟ್ಟಿಗೆ ಚಿಕಿತ್ಸೆಯ ಕಡೆಗೇ ನೋಡುತ್ತದೆ. ಆದಾಯವನ್ನು ಲೆಕ್ಕಿಸದೆ 70 ವರ್ಷ ತುಂಬಿದವರಿಗೂ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ನೀಡಲು 2024ರ ಅಕ್ಟೋಬರಿನಲ್ಲಿ ವಿಸ್ತರಿಸಲಾದ ಆಯುಷ್ಮಾನ್ ಭಾರತ್ ಯೋಜನೆ ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಅದು ಒಳರೋಗಿಗಳಿಗೆ ಮೀಸಲು. ಬಿಡುಗಡೆಯ ನಂತರದ ವೆಚ್ಚಕ್ಕೆ ಅದರ ಮಿತಿ 15 ದಿನ. ಹದಿನಾರನೆಯ ದಿನದಿಂದ ಲೆಕ್ಕವೆಲ್ಲ ಮನೆಯವರದು.

ಆ ಲೆಕ್ಕ ಹೇಗಿರುತ್ತದೆ? ನಮ್ಮ ಅಜ್ಜಿ ಹಾಸಿಗೆ ಹಿಡಿದಿದ್ದಾಗ ಅಮ್ಮ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಡೈಪರಿನ ಲೆಕ್ಕವನ್ನೂ ಬರೆಯುತ್ತಿದ್ದರು. ಒಂದಕ್ಕೆ 40 ರೂಪಾಯಿ ಎಂದಿಟ್ಟುಕೊಂಡರೆ, ದಿನಕ್ಕೆ ಮೂರರಂತೆ ತಿಂಗಳಿಗೆ 3,600 ರೂಪಾಯಿ ಆಗುತ್ತದೆ. ಕರ್ನಾಟಕದ ಸಂಧ್ಯಾ ಸುರಕ್ಷಾ ಮಾಸಾಶನ 2021ರಲ್ಲಿ ಏರಿದ್ದು 1,200 ರೂಪಾಯಿಗೆ, ಅಂದರೆ ಈ ಒಂದು ಬಾಬ್ತಿನ ಮೂರನೆಯ ಒಂದು ಪಾಲಿಗೆ. ಗಾಳಿ ಹಾಸಿಗೆ, ಮೂತ್ರದ ಚೀಲ, ಫಿಸಿಯೋಥೆರಪಿ, ಆಯಾ ಇಟ್ಟುಕೊಂಡರೆ ಅವರ ಸಂಬಳ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಎಲ್ಲಕ್ಕಿಂತ ದೊಡ್ಡ ಖರ್ಚು ಆ ಕ್ಯಾಲೆಂಡರಿನಲ್ಲಿ ಎಲ್ಲೂ ಇರಲಿಲ್ಲ. ಬೆನ್ನಿನ ಮೇಲೆ ಹುಣ್ಣಾಗದಂತೆ ರಾತ್ರಿಯೂ ಎರಡು ಗಂಟೆಗೊಮ್ಮೆ ಅಜ್ಜಿಯನ್ನು ಮಗ್ಗುಲು ಬದಲಿಸಬೇಕಾಗಿದ್ದರಿಂದ ಅಮ್ಮ ತಮ್ಮ ಹೊಲಿಗೆ ಕೆಲಸವನ್ನೇ ಬಿಟ್ಟರು. ನಿಂತುಹೋದ ಆ ಗಳಿಕೆಯನ್ನು ನಮ್ಮ ಪಠ್ಯಗಳು ಅವಕಾಶ ವೆಚ್ಚ ಎನ್ನುತ್ತವೆ. ಪರೀಕ್ಷೆಯಲ್ಲಿ ಈ ಪದದ ವ್ಯಾಖ್ಯೆ ಬರೆದು ಮುಂದೆ ಹೋಗುವವರು, ಅದು ಬಹುತೇಕ ಮನೆಗಳಲ್ಲಿ ಸೊಸೆ ಅಥವಾ ಮಗಳ ತಲೆಯ ಮೇಲೆಯೇ ಬೀಳುತ್ತದೆ ಎಂಬುದನ್ನೂ ದಯವಿಟ್ಟು ಬರೆಯಿರಿ.

ಕಾನೂನೂ ಹೊರೆಯನ್ನು ಮನೆಯೊಳಗೇ ಇಟ್ಟಿದೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು; ಆದರೆ ಮಕ್ಕಳ ಕೈಯೇ ಬರಿದಾಗಿದ್ದರೆ ಆ ಆದೇಶದಿಂದ ಆಗುವುದು ಅಷ್ಟರಲ್ಲೇ ಇದೆ.

ಬೇರೆ ದಾರಿಗಳೂ ಇವೆ. ಜಪಾನಿನಲ್ಲಿ 2000ದಿಂದ 40 ದಾಟಿದವರೆಲ್ಲ ಆರೈಕೆ ವಿಮೆಯ ಕಂತು ಕಟ್ಟುತ್ತಾರೆ. ಅಗತ್ಯವನ್ನು ಏಳು ಹಂತಗಳಲ್ಲಿ ನಿರ್ಧರಿಸಿ ಸೇವೆ ಒದಗಿಸಲಾಗುತ್ತದೆ, ಹೆಚ್ಚಿನವರು ಭರಿಸುವುದು ವೆಚ್ಚದ ಶೇ. 10ರಷ್ಟು. ಅಲ್ಲಿ ಮನೆಯವರ ದುಡಿಮೆಗೆ ನಗದು ಇಲ್ಲ. 1995ರಲ್ಲಿ ಆರಂಭವಾದ ಜರ್ಮನಿಯ ಆರೈಕೆ ವಿಮೆಯಲ್ಲಿ ಕುಟುಂಬದವರೇ ನೋಡಿಕೊಂಡರೂ ಮಾಸಿಕ ಭತ್ಯೆ ಉಂಟು. ವಾರಕ್ಕೆ ಕನಿಷ್ಠ 10 ಗಂಟೆ ಆರೈಕೆ ಮಾಡುವವರು ಉಳಿದ ಷರತ್ತುಗಳನ್ನು ಪೂರೈಸಿದರೆ ಅವರ ಪಿಂಚಣಿ ಖಾತೆಗೂ ಆ ವಿಮೆಯೇ ವಂತಿಗೆ ಕಟ್ಟುತ್ತದೆ.